ಗಾಜಾ ಮರುನಿರ್ಮಾಣ: ಹಣ ಬಂದರೂ ಕೀಲಿಕೈ ಯಾರ ಬಳಿ?

ಎರಡು ವರ್ಷಗಳ ಯುದ್ಧದ ನಂತರ 2025ರ ಅಕ್ಟೋಬರ್ 10ರಂದು ಗಾಜಾ ಪಟ್ಟಿಯಲ್ಲಿ ಕದನ ವಿರಾಮ ಜಾರಿಗೆ ಬಂದಿತು. ನವೆಂಬರ್ 17ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ಅಮೆರಿಕ ಮಂಡಿಸಿದ ನಿರ್ಣಯವನ್ನು ಅಂಗೀಕರಿಸಿ, ಗಾಜಾದ ಮಧ್ಯಂತರ ಆಡಳಿತ, ಅಂತರರಾಷ್ಟ್ರೀಯ ಪಡೆ ಹಾಗೂ ಮರುನಿರ್ಮಾಣಕ್ಕೆ ಒಂದು ಚೌಕಟ್ಟನ್ನು ಒದಗಿಸಿತು. ಅಂದಿನಿಂದ ರಾಜತಾಂತ್ರಿಕ ವಲಯಗಳಲ್ಲಿ ನಡೆದ ಚರ್ಚೆಯ ಬಹುಪಾಲು ಹಣದ ಸುತ್ತಲೇ ಗಿರಕಿ ಹೊಡೆದಿದೆ. ವಿಶ್ವಬ್ಯಾಂಕ್, ವಿಶ್ವಸಂಸ್ಥೆ ಮತ್ತು ಐರೋಪ್ಯ ಒಕ್ಕೂಟ ಜಂಟಿಯಾಗಿ 2025ರ ಫೆಬ್ರುವರಿಯಲ್ಲಿ ಪ್ರಕಟಿಸಿದ ಅಂದಾಜಿನಂತೆ ಗಾಜಾ ಚೇತರಿಸಿಕೊಳ್ಳಲು 5,320 ಕೋಟಿ ಡಾಲರ್ ಬೇಕು. ಅದೇ ವರ್ಷದ ಅಕ್ಟೋಬರ್ ವೇಳೆಗೆ ವಿಶ್ವಸಂಸ್ಥೆಯ ಅಂದಾಜು 7,000 ಕೋಟಿ ಡಾಲರ್‌ಗೆ ಏರಿತು.

ಇಷ್ಟು ದೊಡ್ಡ ಮೊತ್ತವನ್ನು ಯಾರು ಕೊಡುತ್ತಾರೆ ಎಂಬುದು ಸಹಜವಾದ ಪ್ರಶ್ನೆ. ಆದರೆ ಪ್ಯಾಲೆಸ್ಟೀನಿನ ಆರ್ಥಿಕ ಇತಿಹಾಸವನ್ನು ಬಲ್ಲವರಿಗೆ ಅದಕ್ಕಿಂತ ಹಿರಿದಾದ ಇನ್ನೊಂದು ಪ್ರಶ್ನೆ ಕಾಣುತ್ತದೆ. ಸಿಮೆಂಟಿನ ಲಾರಿ ಗಡಿ ದಾಟಲು ಅನುಮತಿ ಕೊಡುವವರು ಯಾರು? ಬೆಳೆದ ಟೊಮೆಟೊ ಮಾರುಕಟ್ಟೆಗೆ ಹೋಗಬಹುದೇ ಎಂದು ತೀರ್ಮಾನಿಸುವವರು ಯಾರು? ಸಂಗ್ರಹವಾದ ತೆರಿಗೆ ಯಾರ ಖಾತೆಯಲ್ಲಿರುತ್ತದೆ? ಕಳೆದ ಸುಮಾರು ಆರು ದಶಕಗಳಲ್ಲಿ ಈ ಪ್ರಶ್ನೆಗಳಿಗೆ ದೊರೆತ ಉತ್ತರ ಹೆಚ್ಚುಕಡಿಮೆ ಒಂದೇ. ನೆರವಿನ ಹಣ ಬಂದಿದೆ, ಹೋಗಿದೆ. ಕೀಲಿಕೈ ಮಾತ್ರ ಇಸ್ರೇಲಿನ ಕೈಯಲ್ಲೇ ಉಳಿದಿದೆ. ಯುದ್ಧದ ಹಾನಿಯ ಲೆಕ್ಕವನ್ನು ಹಿಡಿಯುವಾಗ ಯುದ್ಧಕ್ಕೂ ಮೊದಲೇ ಇದ್ದ ಈ ವ್ಯವಸ್ಥೆಯನ್ನು ಅರ್ಥ ಮಾಡಿಕೊಳ್ಳುವುದು ಅಗತ್ಯ.

ಸೇನಾ ಆದೇಶಗಳ ಆಳ್ವಿಕೆ

1967ರ ಜೂನ್‌ನಲ್ಲಿ ನಡೆದ ಆರು ದಿನಗಳ ಯುದ್ಧದಲ್ಲಿ ಇಸ್ರೇಲ್ ಪಶ್ಚಿಮ ದಂಡೆ, ಪೂರ್ವ ಜೆರುಸಲೇಂ ಹಾಗೂ ಗಾಜಾ ಪಟ್ಟಿಯನ್ನು ವಶಪಡಿಸಿಕೊಂಡಿತು. ಅಲ್ಲಿಂದ ಮುಂದೆ ಈ ಪ್ರದೇಶಗಳ ನಿತ್ಯಜೀವನವನ್ನು ನಿರ್ಧರಿಸಿದ್ದು ಸೇನಾ ಆದೇಶಗಳು. ಅದೇ ವರ್ಷದ ನವೆಂಬರ್‌ನಲ್ಲಿ ಹೊರಟ 158ನೇ ಆದೇಶ ಇದಕ್ಕೆ ಉತ್ತಮ ನಿದರ್ಶನ. ಅದರ ಪ್ರಕಾರ ಸೇನೆಯ ಪರವಾನಗಿ ಇಲ್ಲದೆ ಯಾರೂ ಹೊಸದಾಗಿ ಬಾವಿ ತೋಡುವಂತಿಲ್ಲ, ನೀರಿನ ವ್ಯವಸ್ಥೆ ಕಟ್ಟಿಕೊಳ್ಳುವಂತಿಲ್ಲ.

ಮೊದಲ ಎರಡು ದಶಕಗಳಲ್ಲಿ ಮೇಲ್ನೋಟಕ್ಕೆ ಜನರ ಆದಾಯ ಹೆಚ್ಚಿತು. 1972ರಲ್ಲಿ ನೀಡಲಾದ ಸಾಮಾನ್ಯ ಅನುಮತಿಯಿಂದಾಗಿ ಪ್ಯಾಲೆಸ್ಟೀನಿಯರು ಇಸ್ರೇಲಿನೊಳಗೆ ಹೋಗಿ ಕೆಲಸ ಮಾಡಿ ಬರಲು ಅವಕಾಶವಾಯಿತು. 1980ರ ದಶಕದ ಕೊನೆಯ ವೇಳೆಗೆ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಅಲ್ಲಿನ ಕಟ್ಟಡ ಕಾಮಗಾರಿ, ತೋಟ ಹಾಗೂ ಹೋಟೆಲುಗಳಲ್ಲಿ ದುಡಿಯುತ್ತಿದ್ದರು. ಮನೆಗೆ ಕೂಲಿ ಬಂದಿತು, ಮನೆಗಳೂ ಎದ್ದವು. ಆದರೆ ಊರಿನಲ್ಲಿ ಕಾರ್ಖಾನೆ ಏಳಲಿಲ್ಲ, ಬಂದರು ಕಟ್ಟಲಿಲ್ಲ, ಸ್ವಂತ ಬ್ಯಾಂಕಿಂಗ್ ವ್ಯವಸ್ಥೆ ಬೆಳೆಯಲಿಲ್ಲ. 1991ರ ಜನವರಿಯಲ್ಲಿ ಕೊಲ್ಲಿ ಯುದ್ಧದ ಸಂದರ್ಭದಲ್ಲಿ ಸಾಮಾನ್ಯ ಅನುಮತಿ ರದ್ದಾಗಿ, ಪ್ರತಿಯೊಬ್ಬರೂ ಪ್ರತ್ಯೇಕ ಪರವಾನಗಿ ಪಡೆಯಬೇಕಾದ ನಿಯಮ ಬಂದಾಗಲಷ್ಟೇ ಈ ಸಮೃದ್ಧಿ ಎಷ್ಟು ಪರಾವಲಂಬಿಯಾಗಿತ್ತು ಎಂಬುದು ಬಯಲಾಯಿತು.

ಅಮೆರಿಕದ ವಿದ್ವಾಂಸೆ ಸಾರಾ ರಾಯ್ 1980ರ ದಶಕದಲ್ಲಿ ಗಾಜಾದಲ್ಲಿ ಅಧ್ಯಯನ ನಡೆಸಿ ಇದನ್ನು ಅಭಿವೃದ್ಧಿಯ ಕೊರತೆ ಎಂದು ಕರೆಯಲು ಒಪ್ಪಲಿಲ್ಲ. ಹಿಂದುಳಿದ ಆರ್ಥಿಕತೆಯೊಂದು ನಿಧಾನವಾಗಿಯಾದರೂ ಮುಂದಕ್ಕೆ ಸಾಗುತ್ತದೆ. ಗಾಜಾದಲ್ಲಿ ಮುಂದೆ ಸಾಗುವ ಸಾಮರ್ಥ್ಯವನ್ನೇ ಕಳಚಿಹಾಕಲಾಗುತ್ತಿದೆ ಎಂಬುದು ಅವರ ವಾದದ ತಿರುಳು. ನಾಜಿ ಹತ್ಯಾಕಾಂಡದಲ್ಲಿ ಬದುಕುಳಿದ ಯಹೂದಿ ದಂಪತಿಯ ಮಗಳು ಈಕೆ ಎಂಬುದು ಗಮನಾರ್ಹ.

ಓಸ್ಲೊ ನಕ್ಷೆ, ಪ್ಯಾರಿಸ್ ಲೆಕ್ಕ

1993ರ ಓಸ್ಲೊ ಒಪ್ಪಂದ ಈ ಚಿತ್ರವನ್ನು ಬದಲಿಸುತ್ತದೆ ಎಂಬ ನಿರೀಕ್ಷೆ ಇತ್ತು. 1995ರ ಎರಡನೇ ಒಪ್ಪಂದದಂತೆ ಪಶ್ಚಿಮ ದಂಡೆಯನ್ನು ಎ, ಬಿ, ಸಿ ಎಂಬ ಮೂರು ವಲಯಗಳಾಗಿ ವಿಂಗಡಿಸಲಾಯಿತು. ನಗರಗಳಿರುವ ಎ ವಲಯದಲ್ಲಿ ಪ್ಯಾಲೆಸ್ಟೀನ್ ಪ್ರಾಧಿಕಾರದ ಆಡಳಿತ. ಬಿ ವಲಯದಲ್ಲಿ ನಾಗರಿಕ ಆಡಳಿತ ಪ್ರಾಧಿಕಾರಕ್ಕೆ, ಭದ್ರತೆ ಇಸ್ರೇಲಿಗೆ. ಸಿ ವಲಯದಲ್ಲಿ ಎರಡೂ ಇಸ್ರೇಲಿಗೆ. ಇದು ಐದು ವರ್ಷಗಳ ಮಧ್ಯಂತರ ಏರ್ಪಾಡು. 1999ರ ಮೇ ತಿಂಗಳಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಪಶ್ಚಿಮ ದಂಡೆಯ ಸುಮಾರು ಶೇ 60ರಷ್ಟು ಭೂಮಿ ಸಿ ವಲಯದಲ್ಲಿದೆ. ಉಳುವ ನೆಲ, ಕಲ್ಲುಗಣಿ, ಜೋರ್ಡಾನ್ ಕಣಿವೆ ಹಾಗೂ ಮೃತ ಸಮುದ್ರದ ತೀರ ಬಹುತೇಕ ಇದರೊಳಗೇ ಬರುತ್ತವೆ. ಎ ಮತ್ತು ಬಿ ವಲಯಗಳು ಸಿ ವಲಯದ ನಡುವೆ ದ್ವೀಪಗಳಂತೆ ಚದುರಿಹೋಗಿವೆ. ಒಂದು ಊರಿನಿಂದ ಪಕ್ಕದ ಊರಿಗೆ ವಿದ್ಯುತ್ ತಂತಿ ಎಳೆಯಬೇಕಾದರೂ, ಕೊಳವೆ ಹಾಕಬೇಕಾದರೂ ಇಸ್ರೇಲಿ ಸೇನೆಯ ನಾಗರಿಕ ಆಡಳಿತ ವಿಭಾಗದ ಒಪ್ಪಿಗೆ ಬೇಕು.

ಆರ್ಥಿಕ ನಿಯಮಗಳು ನಿಗದಿಯಾದದ್ದು 1994ರ ಪ್ಯಾರಿಸ್ ಒಡಂಬಡಿಕೆಯಲ್ಲಿ. ಅದರಂತೆ ಎರಡೂ ಕಡೆ ಒಂದೇ ಸುಂಕ ವ್ಯವಸ್ಥೆ. ಪ್ಯಾಲೆಸ್ಟೀನಿಗೆ ಸ್ವಂತ ನಾಣ್ಯವಿಲ್ಲ. ಚಲಾವಣೆಯಲ್ಲಿರುವುದು ಇಸ್ರೇಲಿನ ಶೆಕೆಲ್. ಪ್ಯಾಲೆಸ್ಟೀನಿಗೆ ಆಮದಾಗುವ ಸರಕುಗಳ ಮೇಲಿನ ಸುಂಕ ಹಾಗೂ ತೆರಿಗೆಯನ್ನು ಇಸ್ರೇಲ್ ಸಂಗ್ರಹಿಸಿ, ಶೇ 3ರಷ್ಟು ಸೇವಾ ಶುಲ್ಕ ಮುರಿದುಕೊಂಡು, ಪ್ರತಿ ತಿಂಗಳು ಪ್ರಾಧಿಕಾರಕ್ಕೆ ವರ್ಗಾಯಿಸಬೇಕು. ಪ್ರಾಧಿಕಾರದ ಒಟ್ಟು ವರಮಾನದಲ್ಲಿ ಮೂರನೇ ಎರಡರಷ್ಟು ಈ ಬಾಬತ್ತಿನಿಂದಲೇ ಬರುತ್ತದೆ. ಸರ್ಕಾರದ ಜುಟ್ಟು ಇನ್ನೊಂದು ಸರ್ಕಾರದ ಹಣಕಾಸು ಸಚಿವರ ಕೈಯಲ್ಲಿರುವುದು ಎಂದರೆ ಇದೇ.

ಪರವಾನಗಿ ಎಂಬ ಜೀವನೋಪಾಯ

ಊರಿನಲ್ಲಿ ಉದ್ಯೋಗ ಹುಟ್ಟದಿದ್ದಾಗ ಜನರು ಇಸ್ರೇಲಿನ ಕಡೆಗೇ ನೋಡಬೇಕಾಯಿತು. 2023ರ ಅಕ್ಟೋಬರ್‌ಗೆ ಮುನ್ನ ಪಶ್ಚಿಮ ದಂಡೆಯ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿ ಇಸ್ರೇಲ್ ಹಾಗೂ ಅದರ ವಸಾಹತುಗಳಲ್ಲಿ ಕೆಲಸ ಮಾಡುತ್ತಿದ್ದರು. ಅಂದರೆ ಉದ್ಯೋಗದಲ್ಲಿರುವ ಪ್ರತಿ ಐವರಲ್ಲಿ ಒಬ್ಬರು. ಗಾಜಾದ ಸುಮಾರು 18 ಸಾವಿರ ಮಂದಿಗೂ ಪರವಾನಗಿ ಸಿಕ್ಕಿತ್ತು. ಅಲ್ಲಿ ಸಿಗುವ ದಿನಗೂಲಿ ಪಶ್ಚಿಮ ದಂಡೆಯ ಕೂಲಿಯ ಎರಡು ಪಟ್ಟು. ಆದ್ದರಿಂದ ನಸುಕಿನ ಎರಡು, ಮೂರು ಗಂಟೆಗೇ ಎದ್ದು ತಪಾಸಣಾ ಠಾಣೆಯ ಮುಂದೆ ಸಾಲು ನಿಲ್ಲುವುದನ್ನು ಜನರು ಒಪ್ಪಿಕೊಂಡಿದ್ದರು.

ಈ ವ್ಯವಸ್ಥೆಯೊಳಗೇ ಒಂದು ಕಾಳಸಂತೆ ಬೆಳೆಯಿತು. ಪರವಾನಗಿ ಕೊಡಿಸುವ ದಲ್ಲಾಳಿಗಳು ತಿಂಗಳಿಗೆ 2,000ದಿಂದ 2,500 ಶೆಕೆಲ್‌ವರೆಗೆ ವಸೂಲು ಮಾಡುತ್ತಿದ್ದುದನ್ನು ಇಸ್ರೇಲಿನ ಕೇಂದ್ರೀಯ ಬ್ಯಾಂಕ್ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಎರಡೂ ದಾಖಲಿಸಿವೆ. ಕೂಲಿಯ ಗಣನೀಯ ಭಾಗ ಕೆಲಸ ಮಾಡುವ ಹಕ್ಕನ್ನು ಕೊಳ್ಳುವುದಕ್ಕೇ ಖರ್ಚಾಗುತ್ತಿತ್ತು. ಕುಟುಂಬದ ಯಾರೊಬ್ಬರ ಮೇಲಾದರೂ ಭದ್ರತಾ ಶಂಕೆ ಮೂಡಿದರೆ ಪರವಾನಗಿ ರದ್ದಾಗುವ ಭಯ ಬೇರೆ. ಹೀಗಾಗಿ ಪರವಾನಗಿ ಎಂಬುದು ಉದ್ಯೋಗದ ಚೀಟಿಯಷ್ಟೇ ಆಗಿರದೆ ಇಡೀ ಮನೆಯನ್ನು ಹದ್ದುಬಸ್ತಿನಲ್ಲಿಡುವ ಸಾಧನವೂ ಆಯಿತು.

2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ದಾಳಿಯಲ್ಲಿ ಇಸ್ರೇಲಿನ ಸುಮಾರು 1,200 ಮಂದಿ ಹತರಾದರು; 251 ಮಂದಿಯನ್ನು ಒತ್ತೆಯಾಳುಗಳನ್ನಾಗಿ ಒಯ್ಯಲಾಯಿತು. ಆ ಬೆನ್ನಲ್ಲೇ ಪರವಾನಗಿಗಳೆಲ್ಲ ಅಮಾನತಾದವು. ಕೆಲವು ಸಾವಿರ ಮಂದಿಯನ್ನು ಬಿಟ್ಟರೆ ಉಳಿದವರು ರಾತ್ರೋರಾತ್ರಿ ನಿರುದ್ಯೋಗಿಗಳಾದರು. ಪಶ್ಚಿಮ ದಂಡೆಯಲ್ಲಿ ಶೇ 13ರ ಆಸುಪಾಸಿನಲ್ಲಿದ್ದ ನಿರುದ್ಯೋಗ ಪ್ರಮಾಣ ಕೆಲವೇ ವಾರಗಳಲ್ಲಿ ಶೇ 30ನ್ನು ದಾಟಿತು. ದಾಳಿಯಲ್ಲಿ ಯಾವ ಪಾತ್ರವೂ ಇಲ್ಲದ ಗಾರೆ ಕೆಲಸದವನು, ಬಡಗಿ, ತೋಟದ ಆಳು ಇದರ ಬೆಲೆ ತೆತ್ತರು.

ಈ ಕತೆಯ ಮುಂದಿನ ಅಧ್ಯಾಯ ಭಾರತಕ್ಕೆ ಬಂದು ತಲುಪುತ್ತದೆ. ಕಾರ್ಮಿಕರಿಲ್ಲದೆ ಸ್ಥಗಿತಗೊಂಡ ಇಸ್ರೇಲಿನ ಕಟ್ಟಡ ಕಾಮಗಾರಿಗಳಿಗೆ ಭಾರತದಿಂದ ಕೆಲಸಗಾರರನ್ನು ಕರೆಸಿಕೊಳ್ಳಲಾಯಿತು. 2024ರ ಜನವರಿಯಲ್ಲಿ ಹರಿಯಾಣದ ರೋಹ್ಟಕ್ ಮತ್ತು ಉತ್ತರ ಪ್ರದೇಶದ ಲಖನೌದಲ್ಲಿ ನಡೆದ ನೇಮಕಾತಿ ಶಿಬಿರಗಳಿಗೆ ಚಳಿಯಲ್ಲೂ ಸಾವಿರಾರು ಯುವಕರು ಬಂದು ಸೇರಿದರು. ತಿಂಗಳಿಗೆ ಸುಮಾರು 1.37 ಲಕ್ಷ ರೂಪಾಯಿ ಸಂಬಳದ ಆಕರ್ಷಣೆ ಅವರನ್ನು ಕರೆತಂದಿತ್ತು. ಯುದ್ಧ ನಡೆಯುತ್ತಿರುವ ದೇಶಕ್ಕೆ ಕಾರ್ಮಿಕರನ್ನು ಕಳುಹಿಸುವುದನ್ನು ದೇಶದ ಕೇಂದ್ರೀಯ ಕಾರ್ಮಿಕ ಸಂಘಟನೆಗಳು ವಿರೋಧಿಸಿದವು. ಕರ್ನಾಟಕದ ಕರಾವಳಿಗಂತೂ ಇಸ್ರೇಲ್ ಅಪರಿಚಿತವಲ್ಲ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಅನೇಕರು ವರ್ಷಗಳಿಂದ ಅಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿದ್ದಾರೆ. ದೂರದ ಒಂದು ಊರಿನಲ್ಲಿ ರದ್ದಾದ ಪರವಾನಗಿ ಇನ್ನೊಂದು ದೇಶದ ನಿರುದ್ಯೋಗಿಗೆ ಅವಕಾಶವಾಗಿ ಪರಿಣಮಿಸಿದ್ದು ಜಾಗತಿಕ ಕಾರ್ಮಿಕ ಮಾರುಕಟ್ಟೆಯ ವಿಪರ್ಯಾಸ.

ಬೊಕ್ಕಸಕ್ಕೆ ಬಿದ್ದ ಬೀಗ

ತೆರಿಗೆ ಹಣವನ್ನು ತಡೆಹಿಡಿಯುವುದು ಹೊಸ ಕ್ರಮವೇನಲ್ಲ. 2006ರ ಚುನಾವಣೆಯಲ್ಲಿ ಹಮಾಸ್ ಗೆದ್ದಾಗ ಇಸ್ರೇಲ್ ವರ್ಗಾವಣೆ ನಿಲ್ಲಿಸಿತ್ತು. 2015ರಲ್ಲಿ ಪ್ಯಾಲೆಸ್ಟೀನ್ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಸೇರಲು ಮುಂದಾದಾಗಲೂ ಹೀಗೇ ಆಯಿತು. ಇಸ್ರೇಲಿನ ಜೈಲುಗಳಲ್ಲಿರುವವರ ಹಾಗೂ ದಾಳಿಗಳಲ್ಲಿ ಸತ್ತವರ ಕುಟುಂಬಗಳಿಗೆ ಪ್ರಾಧಿಕಾರ ನೀಡುವ ಮಾಸಾಶನದಷ್ಟು ಮೊತ್ತವನ್ನು ಕಡಿತ ಮಾಡಲು 2018ರಲ್ಲಿ ಇಸ್ರೇಲ್ ಕಾನೂನನ್ನೇ ತಂದಿತು. ಈ ಮಾಸಾಶನ ಭಯೋತ್ಪಾದನೆಗೆ ನೀಡುವ ಬಹುಮಾನ ಎಂಬುದು ಅದರ ಆಕ್ಷೇಪ.

2023ರ ಅಕ್ಟೋಬರ್ ನಂತರ ಗಾಜಾದ ಪಾಲಿನ ಹಣವೂ ಕಡಿತವಾಯಿತು. 2025ರ ಮೇ ತಿಂಗಳಿನಿಂದ ಹಣಕಾಸು ಸಚಿವ ಬೆಜಲೆಲ್ ಸ್ಮೊಟ್ರಿಚ್ ವರ್ಗಾವಣೆಯನ್ನು ಪೂರ್ತಿಯಾಗಿ ನಿಲ್ಲಿಸಿದರು. ಪರಿಣಾಮ ಮೊದಲು ತಟ್ಟಿದ್ದು ಸರ್ಕಾರಿ ನೌಕರರಿಗೆ. 2021ರ ಕೊನೆಯಿಂದಲೇ ಅರೆಬರೆ ಸಂಬಳ ಪಡೆಯುತ್ತಿದ್ದ ಶಿಕ್ಷಕರು, ದಾದಿಯರು ಮತ್ತು ಪೊಲೀಸರ ಬಾಕಿ ಮತ್ತಷ್ಟು ಬೆಳೆಯಿತು. 2025ರ ಶೈಕ್ಷಣಿಕ ವರ್ಷ ಪಶ್ಚಿಮ ದಂಡೆಯ ಸರ್ಕಾರಿ ಶಾಲೆಗಳಲ್ಲಿ ತಡವಾಗಿ ಆರಂಭವಾಯಿತು. ವಾರದ ಪಾಠದ ದಿನಗಳನ್ನೂ ಕಡಿಮೆ ಮಾಡಲಾಯಿತು. ಸರ್ಕಾರಿ ಸಂಬಳ ನಿಂತರೆ ದಿನಸಿ ಅಂಗಡಿಯ ಉದ್ದರಿ ಬೆಳೆಯುತ್ತದೆ, ಮನೆಯ ಸಾಲದ ಕಂತು ತಪ್ಪುತ್ತದೆ, ಔಷಧ ಪೂರೈಸಿದವರಿಗೆ ಆಸ್ಪತ್ರೆ ಕೊಡಬೇಕಾದ ಹಣ ಬಾಕಿ ಉಳಿಯುತ್ತದೆ. ಬೊಕ್ಕಸಕ್ಕೆ ಬಿದ್ದ ಒಂದು ಬೀಗ ಹೀಗೆ ಸಾವಿರಾರು ಮನೆಗಳ ಬಾಗಿಲಿಗೂ ಬೀಳುತ್ತದೆ.

ಬ್ಯಾಂಕುಗಳ ಸ್ಥಿತಿಯೂ ಭಿನ್ನವಲ್ಲ. ಪ್ಯಾಲೆಸ್ಟೀನಿನ ಬ್ಯಾಂಕುಗಳು ಶೆಕೆಲ್ ವ್ಯವಹಾರ ನಡೆಸಲು ಇಸ್ರೇಲಿನ ಎರಡು ಬ್ಯಾಂಕುಗಳನ್ನು ಅವಲಂಬಿಸಿವೆ. ಆ ಬ್ಯಾಂಕುಗಳಿಗೆ ಇಸ್ರೇಲ್ ಸರ್ಕಾರ ನೀಡುವ ರಕ್ಷಣಾ ಪತ್ರ ನವೀಕರಣವಾಗದಿದ್ದರೆ ವಿದ್ಯುತ್, ಇಂಧನ, ಗೋಧಿಯ ಖರೀದಿಗೂ ಹಣ ಪಾವತಿಸಲು ದಾರಿ ಇರುವುದಿಲ್ಲ. 2024ರಲ್ಲಿ ಈ ಪತ್ರ ಕೊನೆಯ ಗಳಿಗೆಯವರೆಗೂ ತೂಗುಯ್ಯಾಲೆಯಲ್ಲಿದ್ದು, ಕೆಲವೇ ತಿಂಗಳುಗಳ ಅವಧಿಗೆ ನವೀಕರಣಗೊಂಡಿತು.

ನೆಲ, ನೀರು, ದಾರಿ

ಸಿ ವಲಯದ ನಿರ್ಬಂಧಗಳಿಂದ ಪ್ಯಾಲೆಸ್ಟೀನಿನ ಆರ್ಥಿಕತೆಗೆ ವರ್ಷಕ್ಕೆ ಸುಮಾರು 340 ಕೋಟಿ ಡಾಲರ್ ನಷ್ಟವಾಗುತ್ತಿದೆ ಎಂದು ವಿಶ್ವಬ್ಯಾಂಕ್ 2013ರಲ್ಲಿ ಅಂದಾಜು ಮಾಡಿತ್ತು. ಇದು 2011ರ ಒಟ್ಟು ಆಂತರಿಕ ಉತ್ಪನ್ನದ ಶೇ 35ಕ್ಕೆ ಸಮ. ಮೃತ ಸಮುದ್ರದ ಪೊಟ್ಯಾಷ್ ಹಾಗೂ ಬ್ರೋಮಿನ್ ಖನಿಜಗಳಿಂದಲೇ ವರ್ಷಕ್ಕೆ 91.8 ಕೋಟಿ ಡಾಲರ್ ಮೌಲ್ಯ ಸೃಷ್ಟಿಯಾಗಬಹುದಿತ್ತು ಎಂಬುದು ಅದೇ ವರದಿಯ ಲೆಕ್ಕ. ಬೇಡಿ ಪಡೆಯುವ ನೆರವಿಗಿಂತ ಬಳಸಲಾಗದ ಸ್ವಂತ ಸಂಪತ್ತೇ ಹೆಚ್ಚು ಎಂಬ ಸತ್ಯ ಈ ಅಂಕಿಗಳಲ್ಲಿದೆ.

ಮನೆ ಕಟ್ಟುವ ವಿಚಾರವೂ ಹಾಗೆಯೇ. 2016ರಿಂದ 2018ರವರೆಗೆ ಸಿ ವಲಯದಲ್ಲಿ ಕಟ್ಟಡ ಪರವಾನಗಿಗಾಗಿ ಪ್ಯಾಲೆಸ್ಟೀನಿಯರು ಸಲ್ಲಿಸಿದ 1,485 ಅರ್ಜಿಗಳಲ್ಲಿ ಮಂಜೂರಾದವು 21. ಪರವಾನಗಿ ಇಲ್ಲದೆ ಕಟ್ಟಿದ ಮನೆ, ಕೊಟ್ಟಿಗೆ, ನೀರಿನ ತೊಟ್ಟಿಗಳ ಮೇಲೆ ಬುಲ್ಡೋಜರ್ ಹರಿಯುತ್ತದೆ. ಅದೇ ನೆಲದಲ್ಲಿ ವಸಾಹತುಗಳು ಮಾತ್ರ ಬೆಳೆಯುತ್ತ ಹೋಗಿವೆ. ಪೂರ್ವ ಜೆರುಸಲೇಂ ಸೇರಿದಂತೆ ಅಲ್ಲಿ ನೆಲೆಸಿರುವ ಇಸ್ರೇಲಿಗಳ ಸಂಖ್ಯೆ 7 ಲಕ್ಷ ಮೀರಿದೆ. ಪಶ್ಚಿಮ ದಂಡೆಯನ್ನು ಉತ್ತರ, ದಕ್ಷಿಣವೆಂದು ಸೀಳಬಲ್ಲ ಇ-1 ಯೋಜನೆಗೆ 2025ರ ಆಗಸ್ಟ್‌ನಲ್ಲಿ ಇಸ್ರೇಲ್ ಒಪ್ಪಿಗೆ ನೀಡಿತು. ಅದರಲ್ಲಿ ಸುಮಾರು 3,400 ಮನೆಗಳಿವೆ.

ನೀರಿನ ಹಂಚಿಕೆಯಲ್ಲಿ ಅಂತರ ಇನ್ನೂ ಸ್ಪಷ್ಟ. ಇಸ್ರೇಲಿನ ಮಾನವ ಹಕ್ಕುಗಳ ಸಂಸ್ಥೆ ಬತ್ಸೆಲೆಮ್ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2020ರಲ್ಲಿ ಇಸ್ರೇಲಿಗಳ ತಲಾ ದೈನಿಕ ಬಳಕೆ 247 ಲೀಟರ್ ಇದ್ದರೆ ಪಶ್ಚಿಮ ದಂಡೆಯ ಪ್ಯಾಲೆಸ್ಟೀನಿಯರದು 82 ಲೀಟರ್. ಕೊಳವೆ ಸಂಪರ್ಕವೇ ಇಲ್ಲದ ಹಳ್ಳಿಗಳಲ್ಲಿ ಅದು 26 ಲೀಟರ್. ಈ ಹಳ್ಳಿಗಳು ಟ್ಯಾಂಕರ್ ನೀರಿಗೆ ಹಲವು ಪಟ್ಟು ಬೆಲೆ ತೆರಬೇಕು. ನಗರಗಳಲ್ಲಿ ಪ್ರತಿ ಮನೆಯ ತಾರಸಿಯ ಮೇಲೂ ಕಾಣುವ ನೀರಿನ ತೊಟ್ಟಿ ಪ್ಯಾಲೆಸ್ಟೀನಿಯರ ಮನೆಯ ಗುರುತಾಗಿಬಿಟ್ಟಿದೆ.

ದಾರಿಗಳ ಸಂಗತಿ ಮತ್ತೊಂದು. ತಪಾಸಣಾ ಠಾಣೆ, ಕಬ್ಬಿಣದ ಗೇಟು, ಮಣ್ಣಿನ ದಿಬ್ಬ, ಕಾಂಕ್ರೀಟ್ ದಿಮ್ಮಿ ಎಲ್ಲವೂ ಸೇರಿ ಪಶ್ಚಿಮ ದಂಡೆಯಲ್ಲಿ 800ಕ್ಕೂ ಹೆಚ್ಚು ಅಡೆತಡೆಗಳಿರುವುದನ್ನು ವಿಶ್ವಸಂಸ್ಥೆಯ ಮಾನವೀಯ ನೆರವು ಕಚೇರಿ 2025ರ ಆರಂಭದಲ್ಲಿ ಗುರುತಿಸಿತು. 2002ರಲ್ಲಿ ಆರಂಭವಾದ ತಡೆಗೋಡೆಯ ಉದ್ದೇಶಿತ ಉದ್ದ ಸುಮಾರು 710 ಕಿ.ಮೀ.; ಅದರ ಶೇ 85ರಷ್ಟು ಭಾಗ ಗಡಿರೇಖೆಯ ಮೇಲಿರದೆ ಪಶ್ಚಿಮ ದಂಡೆಯ ಒಳಗೇ ಹಾದುಹೋಗುತ್ತದೆ. ಗೋಡೆಯ ಆಚೆ ಉಳಿದ ಆಲಿವ್ ತೋಟಕ್ಕೆ ಹೋಗಲು ಅದರ ಒಡೆಯನೇ ಪರವಾನಗಿ ಪಡೆಯಬೇಕು. 80 ಸಾವಿರದಿಂದ ಒಂದು ಲಕ್ಷ ಕುಟುಂಬಗಳು ಆಲಿವ್ ಬೆಳೆಯನ್ನು ನಂಬಿಕೊಂಡಿವೆ. ಪ್ರತಿ ಅಕ್ಟೋಬರ್, ನವೆಂಬರ್‌ನ ಕೊಯ್ಲಿನ ಹೊತ್ತಿಗೆ ವಸಾಹತಿನ ಉಗ್ರರು ರೈತರ ಮೇಲೆ ಹಲ್ಲೆ ನಡೆಸಿ ಮರಗಳನ್ನು ಕಡಿದುಹಾಕುವ ಪ್ರಕರಣಗಳು ಇತ್ತೀಚಿನ ವರ್ಷಗಳಲ್ಲಿ ತೀವ್ರವಾಗಿ ಏರಿವೆ.

ಮಾಹಿತಿ ತಂತ್ರಜ್ಞಾನದ ಯುಗದಲ್ಲಿ ಈ ನಿಯಂತ್ರಣ ಆಕಾಶಕ್ಕೂ ವಿಸ್ತರಿಸಿತು. ತರಂಗಾಂತರ ಬಳಕೆಗೂ ಇಸ್ರೇಲಿನ ಅನುಮತಿ ಬೇಕಾದ್ದರಿಂದ ಪಶ್ಚಿಮ ದಂಡೆಯ ಮೊಬೈಲ್ ಕಂಪನಿಗಳಿಗೆ 3ಜಿ ಸೇವೆ ದೊರೆತದ್ದು 2018ರ ಜನವರಿಯಲ್ಲಿ. ಗಾಜಾ 2ಜಿಯಲ್ಲೇ ಉಳಿಯಿತು. ಅಕ್ಷರಸ್ಥರ ಪ್ರಮಾಣ ಶೇ 97ನ್ನು ದಾಟಿರುವ ಸಮಾಜವೊಂದರ ಎಂಜಿನಿಯರಿಂಗ್ ಪದವೀಧರರು ಜಗತ್ತಿನೊಂದಿಗೆ ಸ್ಪರ್ಧಿಸಬೇಕಾದದ್ದು ಈ ಸಲಕರಣೆಯೊಂದಿಗೆ.

ಹಸಿರುಮನೆಗಳ ಪಾಠ

ಹಣ ಹಾಗೂ ಕೀಲಿಕೈಗಳ ಸಂಬಂಧವನ್ನು ಅರಿಯಲು 2005ರ ಗಾಜಾಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಆ ವರ್ಷದ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಇಸ್ರೇಲ್ ತನ್ನ ಸೈನಿಕರನ್ನೂ ವಸಾಹತುದಾರರನ್ನೂ ಗಾಜಾದಿಂದ ಹೊರತಂದಿತು. ವಿಶ್ವಬ್ಯಾಂಕಿನ ಮಾಜಿ ಅಧ್ಯಕ್ಷ ಜೇಮ್ಸ್ ವುಲ್ಫೆನ್ಸನ್ ಅಮೆರಿಕ, ರಷ್ಯಾ, ಐರೋಪ್ಯ ಒಕ್ಕೂಟ ಹಾಗೂ ವಿಶ್ವಸಂಸ್ಥೆಯ ಚತುಷ್ಕೂಟದ ವಿಶೇಷ ಪ್ರತಿನಿಧಿಯಾಗಿದ್ದರು. ವಸಾಹತುದಾರರು ಬಿಟ್ಟುಹೋಗಲಿದ್ದ ಹಸಿರುಮನೆಗಳನ್ನು ಪ್ಯಾಲೆಸ್ಟೀನಿಯರಿಗಾಗಿ ಕೊಳ್ಳಲು ಅವರು ಖಾಸಗಿ ದಾನಿಗಳಿಂದ 1.4 ಕೋಟಿ ಡಾಲರ್ ಸಂಗ್ರಹಿಸಿದರು. ತಮ್ಮ ಕಿಸೆಯಿಂದಲೂ 5 ಲಕ್ಷ ಡಾಲರ್ ಹಾಕಿದರು.

ವಾಪಸಾತಿಯ ಗೊಂದಲದಲ್ಲಿ ಕೆಲವು ಹಸಿರುಮನೆಗಳು ಲೂಟಿಯಾದವು. ಆದರೂ ಬಹುಪಾಲು ದುರಸ್ತಿಗೊಂಡು, ವರ್ಷದ ಕೊನೆಗೆ ಟೊಮೆಟೊ, ದೊಣ್ಣೆಮೆಣಸು, ಸ್ಟ್ರಾಬೆರಿ ಕೊಯ್ಲಿಗೆ ಬಂದವು. ಅಷ್ಟರಲ್ಲಿ, ನವೆಂಬರ್ 15ರಂದು, ಅಮೆರಿಕದ ಮಧ್ಯಸ್ಥಿಕೆಯಲ್ಲಿ ಸಂಚಾರ ಒಪ್ಪಂದವೂ ಆಗಿತ್ತು. ಕಾರ್ನಿ ದ್ವಾರದ ಮೂಲಕ 2005ರ ಕೊನೆಗೆ ದಿನಕ್ಕೆ 150 ಲಾರಿ, 2006ರ ಕೊನೆಗೆ 400 ಲಾರಿ ರಫ್ತಾಗಬೇಕು ಎಂದು ಬರೆಯಲಾಗಿತ್ತು. ಗಾಜಾ ಮತ್ತು ಪಶ್ಚಿಮ ದಂಡೆಯ ನಡುವೆ ಬಸ್ ಸಂಚಾರ ಡಿಸೆಂಬರ್ 15ರಿಂದ ಆರಂಭವಾಗಬೇಕಿತ್ತು.

ಬಸ್ಸು ಹೊರಡಲೇ ಇಲ್ಲ. ಭದ್ರತಾ ಬೆದರಿಕೆಯ ಕಾರಣ ನೀಡಿ 2006ರ ಆರಂಭದಲ್ಲಿ ಕಾರ್ನಿ ದ್ವಾರವನ್ನು ವಾರಗಟ್ಟಲೆ ಮುಚ್ಚಲಾಯಿತು. ಬೆಳೆ ಗಡಿಯಲ್ಲೇ ಕೊಳೆಯಿತು. ಉಳಿದದ್ದು ಅಗ್ಗದ ದರಕ್ಕೆ ಸ್ಥಳೀಯವಾಗಿ ಮಾರಾಟವಾಯಿತು. ವುಲ್ಫೆನ್ಸನ್ 2006ರಲ್ಲಿ ಹುದ್ದೆ ತೊರೆದರು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ನೆನಪಿಸುವ ಈ ಪ್ರಸಂಗದಲ್ಲಿ ಹಣವಿತ್ತು, ಬೆಳೆಯಿತ್ತು, ಕೊಳ್ಳುವವರೂ ಇದ್ದರು. ಗೇಟು ಮಾತ್ರ ತೆರೆಯಲಿಲ್ಲ.

2007ರಲ್ಲಿ ಹಮಾಸ್ ಗಾಜಾವನ್ನು ಬಲವಂತವಾಗಿ ವಶಪಡಿಸಿಕೊಂಡ ನಂತರ ದಿಗ್ಬಂಧನ ಬಿಗಿಯಾಯಿತು. ಓಸ್ಲೊ ಒಪ್ಪಂದದಂತೆ 20 ನಾಟಿಕಲ್ ಮೈಲು ದೂರದವರೆಗೆ ಮೀನು ಹಿಡಿಯಬಹುದಾಗಿದ್ದ ಬೆಸ್ತರನ್ನು ಕೆಲವು ಅವಧಿಗಳಲ್ಲಿ ಮೂರು ಮೈಲಿಗೇ ಸೀಮಿತಗೊಳಿಸಲಾಯಿತು. 1998ರಲ್ಲಿ ಉದ್ಘಾಟನೆಗೊಂಡ ವಿಮಾನ ನಿಲ್ದಾಣ ಎರಡನೇ ಇಂತಿಫಾದಾ ಕಾಲದಲ್ಲೇ ನೆಲಸಮವಾಗಿತ್ತು. ಗಾಜಾ ಕಡಲಿನಲ್ಲಿ 2000ದಲ್ಲಿ ಪತ್ತೆಯಾದ ನೈಸರ್ಗಿಕ ಅನಿಲ ನೆಲದಡಿಯಲ್ಲೇ ಉಳಿಯಿತು. 365 ಚದರ ಕಿ.ಮೀ. ಜಾಗದಲ್ಲಿ ಬದುಕುವ 20 ಲಕ್ಷಕ್ಕೂ ಹೆಚ್ಚು ಜನರಲ್ಲಿ ಯುದ್ಧಕ್ಕೆ ಮುನ್ನವೇ ಸುಮಾರು ಶೇ 80ರಷ್ಟು ಮಂದಿ ಅಂತರರಾಷ್ಟ್ರೀಯ ನೆರವನ್ನು ಅವಲಂಬಿಸಿದ್ದರು. ನಿರುದ್ಯೋಗ ಶೇ 45ರ ಆಸುಪಾಸಿನಲ್ಲಿತ್ತು.

ಆಮೇಲಿನ ಎರಡು ವರ್ಷಗಳ ಯುದ್ಧ ಉಳಿದದ್ದನ್ನೂ ಅಳಿಸಿಹಾಕಿತು. ಗಾಜಾದ ಆರೋಗ್ಯ ಸಚಿವಾಲಯದ ಪ್ರಕಾರ ಸತ್ತವರ ಸಂಖ್ಯೆ 70 ಸಾವಿರ ಮೀರಿದೆ. 2025ರ ಆಗಸ್ಟ್ 22ರಂದು ಗಾಜಾ ನಗರ ಪ್ರದೇಶದಲ್ಲಿ ಬರಗಾಲ ಇರುವುದನ್ನು ವಿಶ್ವಸಂಸ್ಥೆಯ ಬೆಂಬಲವುಳ್ಳ ಆಹಾರ ಭದ್ರತಾ ತಜ್ಞರ ವ್ಯವಸ್ಥೆ ದೃಢಪಡಿಸಿತು. ಆ ವರ್ಷದ ಏಪ್ರಿಲ್ ವೇಳೆಗೆ ಉಳುಮೆಗೆ ಲಭ್ಯವಿದ್ದ ಭೂಮಿ ಶೇ 5ಕ್ಕಿಂತ ಕಡಿಮೆ. ತೆರವುಗೊಳಿಸಬೇಕಾದ ಅವಶೇಷ 5 ಕೋಟಿ ಟನ್‌ಗೂ ಅಧಿಕ. 2024ರಲ್ಲಿ ಗಾಜಾದ ಉತ್ಪನ್ನ ಶೇ 80ಕ್ಕೂ ಹೆಚ್ಚು ಕುಸಿಯಿತು. ಇಡೀ ಪ್ಯಾಲೆಸ್ಟೀನಿನ ತಲಾ ಆದಾಯ ಎರಡು ದಶಕಗಳಷ್ಟು ಹಿಂದಕ್ಕೆ ಜಾರಿದೆ ಎಂದು ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಂಸ್ಥೆ ಅಂಕ್ಟಾಡ್ ಹೇಳಿದೆ.

ಅಂಕಿಗೆ ನಿಲುಕದ ನಷ್ಟ

ಸಾಮಾಜಿಕ ಪರಿಣಾಮಗಳು ಉತ್ಪನ್ನದ ಲೆಕ್ಕದಲ್ಲಿ ಕಾಣುವುದಿಲ್ಲ. ಗಾಜಾದ 6 ಲಕ್ಷಕ್ಕೂ ಹೆಚ್ಚು ಮಕ್ಕಳು 2023ರ ಅಕ್ಟೋಬರ್‌ನಿಂದ ಎರಡು ಶೈಕ್ಷಣಿಕ ವರ್ಷಗಳನ್ನು ಕಳೆದುಕೊಂಡರು. ಏಳನೇ ತರಗತಿಯಲ್ಲಿದ್ದ ಮಗು ತರಗತಿಯ ಕೊಠಡಿಯನ್ನೇ ಕಾಣದೆ ಒಂಬತ್ತನೇ ತರಗತಿಯ ವಯಸ್ಸಿಗೆ ಬಂದು ನಿಂತಿತು. ಪಶ್ಚಿಮ ದಂಡೆಯಲ್ಲಿ 2025ರ ಜನವರಿಯಿಂದ ನಡೆದ ಸೇನಾ ಕಾರ್ಯಾಚರಣೆಯಲ್ಲಿ ಜೆನಿನ್, ತುಲ್ಕರೆಮ್ ಮತ್ತು ನೂರ್ ಶಮ್ಸ್ ನಿರಾಶ್ರಿತರ ಶಿಬಿರಗಳಿಂದ 30 ಸಾವಿರಕ್ಕೂ ಹೆಚ್ಚು ಮಂದಿ ಮನೆ ತೊರೆಯಬೇಕಾಯಿತು. 1948ರಲ್ಲಿ ಊರು ಕಳೆದುಕೊಂಡವರ ಮೊಮ್ಮಕ್ಕಳು ಮತ್ತೊಮ್ಮೆ ನಿರಾಶ್ರಿತರಾದರು.

ಹೆಣ್ಣುಮಕ್ಕಳ ವಿಚಾರ ಇನ್ನಷ್ಟು ಸೂಕ್ಷ್ಮ. ಪ್ಯಾಲೆಸ್ಟೀನಿನ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿರುವವರಲ್ಲಿ ಯುವತಿಯರೇ ಹೆಚ್ಚು. ಆದರೆ ದುಡಿಯುವ ಇಲ್ಲವೇ ದುಡಿಮೆ ಹುಡುಕುವ ಮಹಿಳೆಯರ ಪ್ರಮಾಣ ಐವರಲ್ಲಿ ಒಬ್ಬರಿಗಿಂತಲೂ ಕಡಿಮೆ. ಸಾಂಪ್ರದಾಯಿಕ ನಿರ್ಬಂಧಗಳ ಪಾಲು ಇದರಲ್ಲಿ ಇದ್ದೇ ಇದೆ. ಅದರ ಜೊತೆಗೆ, ಇಪ್ಪತ್ತು ಕಿ.ಮೀ. ದೂರದ ಕಚೇರಿಗೆ ಹೋಗಿ ಸಂಜೆ ಮನೆಗೆ ಮರಳುವ ಖಾತರಿ ಇಲ್ಲದಿರುವಾಗ ಕುಟುಂಬಗಳು ಮೊದಲು ತಡೆಯುವುದು ಮಗಳನ್ನೇ. ರೋಗಿಗಳ ಪಾಡೂ ಇದೇ. ಕ್ಯಾನ್ಸರ್ ಚಿಕಿತ್ಸೆಗಾಗಿ ಪೂರ್ವ ಜೆರುಸಲೇಮಿನ ಆಸ್ಪತ್ರೆಗೆ ಹೋಗಲು ವೈದ್ಯರ ಚೀಟಿಯೊಂದೇ ಸಾಲದು; ಸೇನೆಯ ಅನುಮತಿಯೂ ಬೇಕು, ಮಗುವಿನೊಂದಿಗೆ ಹೋಗುವ ತಾಯಿಗೂ ಬೇಕು.

ಇಸ್ರೇಲಿನ ವಾದ, ಪ್ರಾಧಿಕಾರದ ಲೋಪ

ಈ ನಿರ್ಬಂಧಗಳೆಲ್ಲವೂ ಭದ್ರತೆಯ ಅನಿವಾರ್ಯತೆಯಿಂದ ಬಂದವು ಎಂಬುದು ಇಸ್ರೇಲಿನ ನಿಲುವು. ಅದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. 2000ದಿಂದ 2005ರವರೆಗಿನ ಎರಡನೇ ಇಂತಿಫಾದಾದಲ್ಲಿ ಬಸ್ಸು, ಹೋಟೆಲು, ಮಾರುಕಟ್ಟೆಗಳಲ್ಲಿ ನಡೆದ ಆತ್ಮಾಹುತಿ ದಾಳಿಗಳೂ ಸೇರಿ ಸುಮಾರು ಸಾವಿರ ಇಸ್ರೇಲಿಗಳು ಬಲಿಯಾದರು. ತಡೆಗೋಡೆ ಬಂದ ಮೇಲೆ ಅಂಥ ದಾಳಿಗಳು ಇಳಿಮುಖವಾದವು ಎಂದು ಇಸ್ರೇಲ್ ಹೇಳುತ್ತದೆ. ಗಾಜಾಕ್ಕೆ ಹೋದ ಸಿಮೆಂಟು ಹಮಾಸ್‌ನ ಸುರಂಗಗಳಿಗೂ ಬಳಕೆಯಾಯಿತು ಎಂಬ ಆಕ್ಷೇಪಕ್ಕೆ ಆಧಾರವಿದೆ.

ಪ್ಯಾಲೆಸ್ಟೀನ್ ನಾಯಕತ್ವವೂ ಹೊಣೆಯಿಂದ ಮುಕ್ತವಲ್ಲ. 2006ರ ನಂತರ ಸಂಸತ್ ಚುನಾವಣೆ ನಡೆದಿಲ್ಲ. 2005ರಲ್ಲಿ ಆಯ್ಕೆಯಾದ ಮಹಮೂದ್ ಅಬ್ಬಾಸ್ ಮತ್ತೊಮ್ಮೆ ಮತದಾರರ ಮುಂದೆ ಹೋಗಿಲ್ಲ. ಭ್ರಷ್ಟಾಚಾರದ ಬಗ್ಗೆ ಪ್ಯಾಲೆಸ್ಟೀನಿಯರೇ ದೂರುತ್ತಾರೆ. ಹಮಾಸ್ ಮತ್ತು ಫತಾ ನಡುವಿನ ಕಲಹ ಗಾಜಾ ಹಾಗೂ ಪಶ್ಚಿಮ ದಂಡೆಯನ್ನು ಒಳಗಿನಿಂದಲೂ ಒಡೆದಿದೆ.

ಆದರೆ ಸೇನೆಯ ನಿಯಂತ್ರಣದಲ್ಲಿರುವ ನೆಲದಲ್ಲಿ ನಾಗರಿಕ ವಸಾಹತುಗಳನ್ನು ಬೆಳೆಸುವುದಕ್ಕೆ, ಜಲಮೂಲವನ್ನು ಹಂಚುವಲ್ಲಿನ ತಾರತಮ್ಯಕ್ಕೆ, ಶಿಕ್ಷಕರ ಸಂಬಳ ತಡೆಯುವುದಕ್ಕೆ ಭದ್ರತೆಯ ಕಾರಣ ಅನ್ವಯಿಸದು. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 2004ರಲ್ಲಿ ಪಶ್ಚಿಮ ದಂಡೆಯೊಳಗಿನ ತಡೆಗೋಡೆಯನ್ನು ಕಾನೂನುಬಾಹಿರ ಎಂದಿತು. 2024ರ ಜುಲೈ 19ರ ಸಲಹಾತ್ಮಕ ಅಭಿಪ್ರಾಯದಲ್ಲಿ ಆಕ್ರಮಿತ ಪ್ರದೇಶಗಳಲ್ಲಿ ಇಸ್ರೇಲಿನ ಮುಂದುವರಿದ ಉಪಸ್ಥಿತಿಯೇ ಕಾನೂನಿಗೆ ವಿರುದ್ಧ ಎಂದು ಹೇಳಿ, ಆದಷ್ಟು ಬೇಗ ಅದು ಕೊನೆಗೊಳ್ಳಬೇಕು ಎಂದಿತು. ಇಸ್ರೇಲ್ ಇದನ್ನು ತಿರಸ್ಕರಿಸಿದೆ. ಸಲಹಾತ್ಮಕ ಅಭಿಪ್ರಾಯವನ್ನು ಜಾರಿಗೊಳಿಸುವ ಶಕ್ತಿ ನ್ಯಾಯಾಲಯಕ್ಕಿಲ್ಲ.

ಭಾರತದ ನಿಲುವು ಈ ಎರಡರ ನಡುವೆ ತೂಗಿಸಿಕೊಂಡು ಸಾಗಿದೆ. 1988ರಲ್ಲೇ ಪ್ಯಾಲೆಸ್ಟೀನ್ ರಾಷ್ಟ್ರಕ್ಕೆ ಮಾನ್ಯತೆ ನೀಡಿದ ದೇಶಗಳಲ್ಲಿ ಭಾರತವೂ ಒಂದು. 1992ರಲ್ಲಿ ಇಸ್ರೇಲಿನೊಂದಿಗೆ ಪೂರ್ಣ ರಾಜತಾಂತ್ರಿಕ ಸಂಬಂಧ ಆರಂಭವಾಯಿತು. 2018ರ ಫೆಬ್ರುವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ರಾಮಲ್ಲಾಕ್ಕೆ ಭೇಟಿ ನೀಡಿದರು. ಆಕ್ರಮಣವನ್ನು ಒಂದು ವರ್ಷದೊಳಗೆ ಕೊನೆಗೊಳಿಸಬೇಕೆಂಬ ಸಾಮಾನ್ಯ ಸಭೆಯ 2024ರ ಸೆಪ್ಟೆಂಬರ್ ನಿರ್ಣಯಕ್ಕೆ ಭಾರತ ಮತ ಹಾಕದೆ ದೂರ ಉಳಿಯಿತು. ಎರಡು ರಾಷ್ಟ್ರಗಳ ಪರಿಹಾರವನ್ನು ಎತ್ತಿಹಿಡಿದ 2025ರ ಸೆಪ್ಟೆಂಬರ್ ನಿರ್ಣಯದ ಪರ ಮತ ಹಾಕಿತು.

ಅಳೆಯಬೇಕಾದದ್ದು ಯಾವುದನ್ನು?

ಮರುನಿರ್ಮಾಣ ಯಶಸ್ವಿಯಾಯಿತೇ ಎಂಬುದನ್ನು ದಾನಿಗಳ ಸಮಾವೇಶದಲ್ಲಿ ಘೋಷಣೆಯಾಗುವ ಮೊತ್ತದಿಂದ ಅಳೆಯುವುದು ರೂಢಿ. ಹಿಂದಿನ ಅನುಭವ ನೋಡಿದರೆ ಬೇರೆ ಅಳತೆಗೋಲುಗಳು ಬೇಕು. ಗಾಜಾದಿಂದ ದಿನಕ್ಕೆ ಎಷ್ಟು ಲಾರಿ ಸರಕು ಹೊರಗೆ ಹೋಗುತ್ತಿದೆ? ಪ್ಯಾಲೆಸ್ಟೀನಿಯರ ತೆರಿಗೆ ಹಣ ತಿಂಗಳ ನಿಗದಿತ ದಿನದಂದು, ಯಾರ ಮರ್ಜಿಯೂ ಇಲ್ಲದೆ, ಅವರ ಬೊಕ್ಕಸಕ್ಕೆ ಸೇರುತ್ತಿದೆಯೇ? ಸಿ ವಲಯದಲ್ಲಿ ಮನೆ ಕಟ್ಟಲು ಅರ್ಜಿ ಹಾಕಿದ ನೂರು ಮಂದಿಯಲ್ಲಿ ಎಷ್ಟು ಮಂದಿಗೆ ಪರವಾನಗಿ ದೊರೆಯಿತು? ಗಾಜಾದ ವಿದ್ಯಾರ್ಥಿ ಪಶ್ಚಿಮ ದಂಡೆಯ ವಿಶ್ವವಿದ್ಯಾಲಯಕ್ಕೆ ಹೋಗಿ ಓದಬಹುದೇ?

ಈ ಯಾವ ಪ್ರಶ್ನೆಗೂ ಉತ್ತರಿಸಲು ಕೋಟ್ಯಂತರ ಡಾಲರ್ ಬೇಕಿಲ್ಲ. ಬೇಕಾದದ್ದು ರಾಜಕೀಯ ನಿರ್ಧಾರ. ಕದನ ವಿರಾಮ ಜಾರಿಗೆ ಬಂದಾಗ ಗಾಜಾದ ಅರ್ಧಕ್ಕಿಂತ ಹೆಚ್ಚು ಭಾಗ ಇಸ್ರೇಲಿ ಸೇನೆಯ ವಶದಲ್ಲೇ ಇತ್ತು. ಗಡಿಯ ದ್ವಾರಗಳ ಮೇಲಿನ ಅದರ ಹಿಡಿತವೂ ಸಡಿಲಲಿಲ್ಲ. ಆ ಸ್ಥಿತಿಯಲ್ಲಿ ಕಟ್ಟುವ ಶಾಲೆ, ಆಸ್ಪತ್ರೆ, ಕಾರ್ಖಾನೆಗಳಿಗೆ 2005ರ ಹಸಿರುಮನೆಗಳ ಗತಿ ಬಾರದಿರಲಿ ಎಂಬ ಖಾತರಿಯನ್ನು ಯಾವ ದಾನಿಯೂ ನೀಡಲಾರ.